ಬಲೆಯ ಕಣ್ಣು

ಬಂಗುಡೆಯ ಹೊಟ್ಟೆ ಸೀಳಿದರೆ ನನಗೆ ಗೊತ್ತಾಗುತ್ತದೆ:
ಹೆಣ್ಣಾದರೆ ಹಳದಿ ತತ್ತಿ,
ಗಂಡಾದರೆ ಬೆನ್ನಿಗಂಟಿದ ಎರಡು ಬಿಳಿ ಎಸಳು,
ಒತ್ತಿದರೆ ಬೆರಳಿಗೆ ಹಾಲು.
ನಲವತ್ತು ವರ್ಷ ಮಲ್ಪೆಯ ದಕ್ಕೆಯಲ್ಲಿ ಕತ್ತಿ ಹಿಡಿದವಳು
ಗಂಡಸಿನದ್ದು ಎಲ್ಲಿ ಹೇಗೆ ಎಂದು
ಡಾಕ್ಟರರಿಂದ ಕಲಿಯಬೇಕಾಯಿತು.

ಕ್ರಾಸ್ತಾ ಡಾಕ್ಟರು, ನಮ್ಮ ಕಿರಿಯವನ ಪ್ರಾಯ,
ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ಮೂತ್ರದ ಚೀಲ, ಅದರ ಬುಡಕ್ಕೆ ಪುನರ್ಪುಳಿಯಷ್ಟು ಗ್ರಂಥಿ,
ಅದರ ನಡುವನ್ನೇ ಕೊರೆದು ಹಾದ ನಾಳ.
"ಇದು ಪ್ರಾಸ್ಟೇಟ್. ರೋಗ ಇಲ್ಲಿ.
ಎಲುಬಿಗೂ ಹತ್ತಿದೆ."
ಮತ್ತೆ ಕೆಳಗೆ ಎರಡು ಮೊಟ್ಟೆ,
ಎಡದ್ದು ಒಂದು ಎಳೆ ಕೆಳಗೆ.
"ಕೈ ತಪ್ಪಿದ್ದಲ್ಲ, ಅದು ಇರುವುದೇ ಹಾಗೆ.
ರೋಗಕ್ಕೆ ಅನ್ನ ಹೋಗುವುದು ಇಲ್ಲಿಂದ.
ಇವನ್ನು ತೆಗೆದರೆ ಅದು ಉಪವಾಸ ಬೀಳುತ್ತದೆ."
ಇವರು ಕುರ್ಚಿಯಲ್ಲಿ ಕಾಲು ಜೋಡಿಸಿ ಕೂತರು.

ಹುಟ್ಟುವ ಮೊದಲು ಅವು ಕಿಡ್ನಿಯ ನೆರೆಯಲ್ಲಿದ್ದವಂತೆ.
ಒಡಲ ಬಿಸಿ ಆಗಿಬರದೆ
ತೊಡೆಸಂದಿನ ಗಂಡಿಯಲ್ಲಿ ಜಾರಿ ಹೊರಗೆ ಬಂದವಂತೆ,
ನೆತ್ತರಿನ ಹಗ್ಗ ಮಾತ್ರ ಇನ್ನೂ ಮೇಲೆಯೇ ಕಟ್ಟಿಕೊಂಡು,
ಲಂಗರು ಹಾಕಿದ ದೋಣಿಗಳ ಹಾಗೆ.
ಎರಡು ಮೂರು ಡಿಗ್ರಿ ತಂಪು ಬೇಕು ಅವಕ್ಕೆ.
ಅದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ,
ಐಸಿಲ್ಲದ ಬುಟ್ಟಿಯ ಪಾಡು ನಾನು ಕಂಡವಳೇ.

"ಒಳಗೆ ಬರೀ ನೂಲು," ಅಂದರು ಡಾಕ್ಟರು.
"ಸಪೂರ ಕೊಳವೆಗಳು, ಸುರುಳಿ ಸುರುಳಿ,
ಬಿಚ್ಚಿ ಎಳೆದರೆ ಕಾಲು ಕಿಲೋಮೀಟರಾದರೂ ಆದೀತು."
ಆಗ ಇವರು ಮೊದಲ ಸಲ ಬಾಯಿ ಬಿಟ್ಟರು:
"ಯಾವ ನಂಬರಿನ ನೂಲು?"

ಬಲೆ ಹೆಣೆದು ಹೆಣೆದು ಹೆಬ್ಬೆರಳು ಸೊಟ್ಟಾದ ಮನುಷ್ಯ.
ಡಾಕ್ಟರು ನಗಲಿಲ್ಲ, ಅದಕ್ಕೇ ನನಗೆ ಅವರು ಹಿಡಿಸಿದ್ದು.
"ಬೀಜ ಹುಟ್ಟುವುದು ನೂಲಿನ ಒಳಗೆ.
ಹಾರ್ಮೋನು ಹುಟ್ಟುವುದು ಬೇರೆ ಕಡೆ,
ನೂಲಿಗೂ ನೂಲಿಗೂ ನಡುವಿನ ಸಂದಿನಲ್ಲಿ
ಗುಂಪಾಗಿ ಕೂತ ಜೀವಕೋಶಗಳಲ್ಲಿ.
ಮೀಸೆ, ರಟ್ಟೆ, ಮೂಳೆಯ ಗಟ್ಟಿ, ಆಸೆ,
ಎಲ್ಲ ಅಲ್ಲಿಂದ ನೆತ್ತರಿಗೆ ಇಳಿದದ್ದು."
"ಅಂದರೆ ಬಲೆಯ ಕಣ್ಣಿನಲ್ಲಿ," ಅಂದರು ಇವರು.

ಮತ್ತೆ ಬಾಗಿಲ ತನಕ ಹೋಗಿ ತಿರುಗಿ ನಿಂತು:
"ಸ್ವರ ಹೋಗುತ್ತದಾ?"
"ಇಲ್ಲ. ಹದಿನಾಲ್ಕರಲ್ಲಿ ಒಡೆದ ಗಂಟಲು
ಮತ್ತೆ ಕೂಡಿಕೊಳ್ಳುವುದಿಲ್ಲ."

ಹಿರಿಯಣ್ಣ ತಿಂಗಳಾಯ, ಅರವತ್ತೇಳು.
ನರ್ಸು ಕೂಗಿದಳು.
ನಾನು ಬಾಯಲ್ಲಿ ಹೇಳದ ಹೆಸರಿನ ಕೆಳಗೆ
ಸಹಿ ಹಾಕಿದ್ದು ನಾನು.
ತೆಗೆದದ್ದನ್ನು ಏನು ಮಾಡಿದರೋ. ಕೇಳಲಿಲ್ಲ.

ಪುಯಿಂತೆಲಿನ ಚಳಿಯಲ್ಲಿ, ನಡುರಾತ್ರಿ,
ಎದ್ದು ಕೂತು ಬನಿಯನ್ ಕಿತ್ತೆಸೆದರು.
"ಎದೆಯಿಂದ ಬೆಂಕಿ ಏರುತ್ತದೆ ಮಾರಾಯ್ತಿ,
ನಿನಗೆ ಸೆಕೆ ಆಗುವುದಿಲ್ಲವಾ?"
ನನಗೆ ನಗು ತಡೆಯಲಿಲ್ಲ.
ಮುಟ್ಟು ನಿಂತ ವರ್ಷ ನಾನು ಇದೇ ಚಾಪೆಯಲ್ಲಿ
ಹೀಗೇ ಎದ್ದು ಕೂತಾಗ
"ಮಂಡೆ ಸಮ ಇಲ್ಲ ನಿನಗೆ" ಎಂದು
ಹೊದಿಕೆ ಎಳೆದುಕೊಂಡು ಮಲಗಿದವರು.
ಒದ್ದೆ ಬೈರಾಸು ತಂದು ಕುತ್ತಿಗೆಗೆ ಹಾಕಿದೆ.
ಫ್ಯಾನು ಐದಕ್ಕೆ ಇಟ್ಟು
ನಾನೇ ಎರಡು ಹೊದಿಕೆ ಹೊದ್ದೆ.

ಮುಂದಿನ ಸಲ ಡಾಕ್ಟರು ಹೇಳಿದರು:
ಪಿಎಸ್‌ಎ ಇಳಿದಿದೆ, ಒಳ್ಳೆಯದು.
ಆದರೆ ಮೆದುಳಿನ ಬುಡದಲ್ಲಿ ಬಟಾಣಿಯಷ್ಟು ಗ್ರಂಥಿ ಉಂಟು,
ಕೆಳಗಿನವಕ್ಕೆ ಹೊತ್ತುಹೊತ್ತಿಗೆ ಅಪ್ಪಣೆ ಕೊಡುವುದು ಅದು.
ಹಾರ್ಮೋನು ಬಂದು ಮುಟ್ಟಿದರೆ ಸುಮ್ಮನಾಗುತ್ತದೆ.
ಈಗ ಉತ್ತರ ಇಲ್ಲ. ಹಾಗಾಗಿ ಇನ್ನೂ ಜೋರು ಕೂಗುತ್ತದೆ.
"ಎಷ್ಟು ದಿನ?"
"ಕೂಗುತ್ತಲೇ ಇರುತ್ತದೆ."

ನನ್ನ ತಮ್ಮನ ಬೋಟು ಬಾರದ ವರ್ಷ
ದಡದ ವಯರ್‌ಲೆಸ್ಸು ಮೂರು ರಾತ್ರಿ ಕೂಗಿ
ನಾಲ್ಕನೆಯ ಬೆಳಗು ಸುಮ್ಮನಾಗಿತ್ತು.
ಇವರ ತಲೆಯೊಳಗಿನದಕ್ಕೆ ಅಷ್ಟು ಬುದ್ಧಿಯಿಲ್ಲ.

ಇವತ್ತು ಜಗಲಿಯಲ್ಲಿ ಕೂತಿದ್ದಾರೆ,
ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ, ಸೂಜಿ ಹಲ್ಲಲ್ಲಿ.
ಗಡ್ಡ ಈಗ ವಾರಕ್ಕೊಮ್ಮೆ ಸಾಕು,
ಎದೆ ಮುಟ್ಟಿದರೆ ಸಣ್ಣ ನೋವು ಅನ್ನುತ್ತಾರೆ.
ಸ್ವರ ಮಾತ್ರ ಹಳೆಯದೇ, ಬೀದಿಗೆಲ್ಲ ಕೇಳುವ ಹಾಗೆ:
"ಇಲ್ಲಿ ಬಾ, ಈ ಕಣ್ಣು ದೊಡ್ಡದಾಯಿತಾ ನೋಡು."

ಮೀನಿನ ಕೈ ಸೀರೆಗೆ ಒರೆಸಿ
ಎರಡು ಬೆರಳು ತೂರಿಸಿದೆ.